ಅಕ್ಕನ ಪೆಡಲಿಗೊಂದು ಪ್ಯಾಚು

ಪತ್ರ ಬರೆಯುವುದನ್ನು ನಮ್ಮ ಮನೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂದು ನಾನು ಐವತ್ತು ದಾಟುವವರೆಗೂ ನಂಬಿಕೊಂಡಿದ್ದೆ. ನಮ್ಮಜ್ಜ ಅರಮನೆಯ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಅರ್ಜಿಯಲ್ಲಿ ಕೇಳಬೇಕಾದ್ದನ್ನು ಕೊನೆಯ ಸಾಲಿನವರೆಗೂ ಕೇಳದೆ, ಅದಕ್ಕೆ ಮೊದಲು ಒಂದೂವರೆ ಪುಟ ಬರೀ ಕೈಮುಗಿಯುವುದರಲ್ಲೇ ಕಳೆಯಬಲ್ಲವರು ಎಂದು ಅವರಿಗೆ ಹೆಸರಿತ್ತಂತೆ. ಆ ವಿದ್ಯೆ ನನಗೂ ಇಳಿದು ಬಂದಿದೆ. ನಾನು ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಪಾಠ ಮಾಡುವವಳು, ಆದರೂ ಇಲಾಖೆಗೆ ಹೋಗುವ ಪತ್ರಗಳನ್ನೆಲ್ಲ ಪ್ರಿನ್ಸಿಪಾಲರು ನನ್ನಿಂದಲೇ ಬರೆಸುತ್ತಾರೆ. ಹೀಗಿರುವಾಗ ಯಾವ ದೇಶದವರೆಂದೂ ಗೊತ್ತಿಲ್ಲದ ಒಬ್ಬ ಮಹಾನುಭಾವರು ನನ್ನ ಪತ್ರ ಓದುವುದಕ್ಕೇ ಲಾಯಕ್ಕಿಲ್ಲ ಎಂದು ನಾಲ್ಕು ಸಾಲಿನಲ್ಲಿ ಹೇಳಿಬಿಟ್ಟರೆ ಹೇಗಾಗಬೇಡ? ಮೂರು ದಿನ ನನಗೆ ಊಟ ರುಚಿಸಲಿಲ್ಲ.

ವಿಷಯ ಅಕ್ಕನ ಕಾಲಿನದು. ಅಕ್ಕ ನನಗಿಂತ ಏಳು ವರ್ಷಕ್ಕೆ ದೊಡ್ಡವಳು. ಲಷ್ಕರ್ ಮೊಹಲ್ಲಾದಲ್ಲಿ ಅವಳದೊಂದು ಡಿಟಿಪಿ ಅಂಗಡಿ ಇದೆ. ಮದುವೆ, ಮುಂಜಿ, ಗೃಹಪ್ರವೇಶ, ವೈಕುಂಠ ಸಮಾರಾಧನೆ, ಯಾವ ಕಾರ್ಡು ಬೇಕಾದರೂ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಪಕ್ಕದ ಪ್ರೆಸ್ಸಿಗೆ ಕೊಡುತ್ತಾಳೆ. ನಾಲ್ಕು ವರ್ಷದ ಹಿಂದೆ ಅವಳಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು. ಬಲಗಾಲು ಅರ್ಧ ವಾಪಸು ಬಂತು, ಬರುವಾಗ ನಡುಕವನ್ನೂ ಕರೆದುಕೊಂಡು ಬಂತು. ನೆಂಟರೆಲ್ಲ ಸಾಲಾಗಿ ಬಂದು, ಅಂಗಡಿ ಮುಚ್ಚಿ ರಾಮಾ ಕೃಷ್ಣಾ ಅಂತ ಕೂತ್ಕೋ ಎಂದು ಪುಕ್ಕಟೆ ಸಲಹೆ ಕೊಟ್ಟು, ಕಾಫಿ ಕುಡಿದು ಹೋದರು. ಫಿಸಿಯೋಥೆರಪಿ ಮಾಡಿಸುತ್ತಿದ್ದಾಕೆ ಒಬ್ಬರು ಮಾತ್ರ, ‘ಆ ಕಾಲಿಗೆ ದಿನಾ ಕೆಲಸ ಕೊಡಿ, ಸುಮ್ನೆ ಬಿಟ್ರೆ ಅದೂ ಹೋಗುತ್ತೆ’ ಎಂದರು. ಅಕ್ಕ ಹಿಡಿದುಕೊಂಡದ್ದು ಆ ಒಂದು ಮಾತನ್ನು.

ನಾನು ಮೂರು ಗುಂಡಿಯ ಒಂದು ಕಾಲುಪೆಡಲು ತರಿಸಿ ಅವಳ ಕಂಪ್ಯೂಟರಿಗೆ ಜೋಡಿಸಿದೆ. ಎಡಗೈಯಲ್ಲಿ ಟೈಪು, ಬಲಗಾಲಿನಲ್ಲಿ ಪೆಡಲು. ಒಂದು ಗುಂಡಿ ಶಿಫ್ಟ್ ಕೀಲಿಯ ಬದಲಿಗೆ, ಮಧ್ಯದ್ದು ಒತ್ತಿದರೆ ಒಂದು ಸಾಲು ಅಳಿಸುತ್ತದೆ, ಇನ್ನೊಂದು ಮೌಸಿನ ಕ್ಲಿಕ್ಕು. ತೊಂದರೆ ಏನೆಂದರೆ, ಅಕ್ಕ ಒತ್ತುವುದು ಒಂದೇ ಸಲ, ನಡುಗುವ ಕಾಲು ಒತ್ತುವುದು ಎರಡು ಮೂರು ಸಲ. ಪೆಡಲನ್ನು ನಡೆಸುವ ಸಾಫ್ಟ್‌ವೇರಿನೊಳಗೆ ಇದಕ್ಕೆಂದೇ ಒಂದು ಸಂಖ್ಯೆ ಇರುತ್ತದೆ: ಒಮ್ಮೆ ಒತ್ತಿದ ಮೇಲೆ ಇಷ್ಟು ಹೊತ್ತು ಬಂದ ಒತ್ತುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಎಂದು. ಅದನ್ನು ಬರೆದವರ ಕಾಲು ಗಟ್ಟಿಯಾಗಿದ್ದಿರಬೇಕು, ಆ ಸಂಖ್ಯೆ ತೀರಾ ಚಿಕ್ಕದಿತ್ತು. ನಾನು ಅದನ್ನು ಬದಲಾಯಿಸಿ ಸೆಕೆಂಡಿನ ಹತ್ತರಲ್ಲಿ ಮೂರು ಭಾಗ ಎಂದು ಬರೆದೆ. ಅಕ್ಕನ ಅಂಗಡಿ ಮತ್ತೆ ನಡೆಯಿತು.

ಆದರೆ ಈ ಸಾಫ್ಟ್‌ವೇರು ಯಾರ ಸ್ವತ್ತೂ ಅಲ್ಲ. ಲೋಕದ ಯಾವ್ಯಾವುದೋ ಮೂಲೆಯಲ್ಲಿ ಕೂತವರು ಸೇರಿ, ಪುಗಸಟ್ಟೆಯಾಗಿ ಬರೆದು ಹಂಚುವಂಥದ್ದು. ಆಗಾಗ ಹೊಸ ಆವೃತ್ತಿ ಬರುತ್ತದೆ. ಬಂದಾಗಲೆಲ್ಲ ನಾನು ಬದಲಾಯಿಸಿದ್ದು ತೊಳೆದುಹೋಗುತ್ತದೆ. ಆಗ ನಾನು ವಿಜಯನಗರದಿಂದ ಸ್ಕೂಟರ್ ಹತ್ತಿ ಹೋಗಿ ಮತ್ತೆ ಅದೇ ಕೆಲಸ ಮಾಡಬೇಕು. ಅಲ್ಲಿಯವರೆಗೆ ಅಕ್ಕ ಸುಮ್ಮನೆ ಕೂತಿರಬೇಕು. ಒಂದು ಸಲ ನಾನು ಪರೀಕ್ಷೆ ಡ್ಯೂಟಿಯಲ್ಲಿದ್ದು ಆರು ದಿನ ತಡವಾಯಿತು. ಹೋದರೆ ಅಕ್ಕ ಬೈಯಲಿಲ್ಲ. ‘ನೀನ್ ಬರೋವರ್ಗೂ ನಾನು ಕುರ್ಚಿ ಮೇಲಿಟ್ಟ ಗೊಂಬೆ ಕಣೇ’ ಎಂದಳು. ಅವಳು ನನ್ನನ್ನು ಕಾಯದೆ ಕೆಲಸ ಮಾಡುವಂತಾಗಬೇಕು, ಅಷ್ಟೇ ನನಗೆ ಬೇಕಾಗಿದ್ದದ್ದು. ಅದಕ್ಕೆ ದಾರಿ ಒಂದೇ: ನನ್ನ ಬದಲಾವಣೆಯನ್ನು ಮೂಲದವರೇ ಒಪ್ಪಿ ಒಳಗೆ ಸೇರಿಸಿಕೊಳ್ಳಬೇಕು. ಇಂಥ ಸಾಲು ತೆಗೆಯಿರಿ, ಇಂಥ ಸಾಲು ಹಾಕಿ ಎಂದು ತೋರಿಸುವ ಒಂದು ಚೀಟಿಯನ್ನು ಇಮೇಲಿನಲ್ಲಿ ಕಳಿಸಬೇಕು. ಅದಕ್ಕೆ ಪ್ಯಾಚು ಎನ್ನುತ್ತಾರೆ. ಸೇರಿಸುವುದೋ ಬಿಡುವುದೋ ಮೇಂಟೇನರ್ ಎಂಬವರ ಮರ್ಜಿ. ನಾನು ಅವರನ್ನು ಯಜಮಾನರು ಎಂದೇ ಕರೆಯುತ್ತಿದ್ದೆ. ಮನೆಯಲ್ಲಿರುವ ಯಜಮಾನರಿಗೆ ನಾನು ಅಷ್ಟು ಮರ್ಯಾದೆ ಕೊಟ್ಟದ್ದಿಲ್ಲ, ಅದು ಬೇರೆ ಮಾತು.

ಸರಿ, ಬರೆದೆ. ಎಂಥ ಪತ್ರ ಅಂತೀರಿ! ತಮ್ಮ ಆರೋಗ್ಯ ಚೆನ್ನಾಗಿದೆಯೆಂದು ನಂಬುತ್ತೇನೆ ಎಂದು ಆರಂಭ. ನನ್ನ ಪರಿಚಯ, ನನ್ನ ಅನುಭವ, ತಮ್ಮ ಸಾಫ್ಟ್‌ವೇರು ಕುರಿತು ನನಗಿರುವ ಗೌರವ. ಆಮೇಲೆ, ತಪ್ಪು ಬಹುಶಃ ನನ್ನ ತಿಳಿವಳಿಕೆಯದೇ ಇರಬಹುದು ಎಂಬ ಪೀಠಿಕೆ. ಕೊನೆಗೆ ವಿಷಯ. ಬದಲಾಯಿಸಿದ ಇಡೀ ಫೈಲನ್ನು ಜಿಪ್ ಮಾಡಿ ಲಗತ್ತಿಸಿದೆ. ಬದಲಾದ ಸಾಲುಗಳು ವಯಸ್ಸಾದ ಕಣ್ಣಿಗೂ ಕಾಣಲೆಂದು ಪತ್ರದಲ್ಲಿ ಕೆಂಪು ಬಣ್ಣ ಹಚ್ಚಿದೆ. ಕೆಳಗೆ ನನ್ನ ಹುದ್ದೆ, ಡಿಗ್ರಿಗಳು. ಎಲ್ಲಕ್ಕಿಂತ ಮುಖ್ಯವಾಗಿ, ಅದನ್ನು ಎಲ್ಲರೂ ಓದುವ ಮೇಲಿಂಗ್ ಲಿಸ್ಟಿಗೆ ಕಳಿಸದೆ ಅವರೊಬ್ಬರಿಗೇ ಗುಟ್ಟಾಗಿ ಕಳಿಸಿದೆ. ದೊಡ್ಡವರ ತಪ್ಪನ್ನು ನಾಲ್ಕು ಜನರ ಮುಂದೆ ಎತ್ತಿ ಆಡುವುದುಂಟೇ? ನಮ್ಮ ಕಡೆ ಅಂಥದ್ದಿದ್ದರೆ ಮನೆಗೆ ಹೋಗಿ, ಬಾಳೆಹಣ್ಣು ಕೊಟ್ಟು, ಹವಾಮಾನ ಮಾತಾಡಿ, ಎದ್ದು ಚಪ್ಪಲಿ ಹಾಕಿಕೊಳ್ಳುವಾಗ ‘ಅಂದ ಹಾಗೆ’ ಎಂದು ಹೇಳುತ್ತೇವೆ.

ಉತ್ತರ ಮರುದಿನವೇ ಬಂತು. ಬಣ್ಣದ ಇಮೇಲು ಬೇಡ. ಲಗತ್ತು ಬೇಡ. ಲಿಸ್ಟಿಗೆ ಕಳಿಸಿ. ನಿಯಮಗಳನ್ನು ಓದಿ. ನಮಸ್ಕಾರವಿಲ್ಲ, ಇಂತಿ ಇಲ್ಲ, ಕ್ಷೇಮವೇ ಎಂಬ ಮಾತಿಲ್ಲ. ಮೀಟರ್ ಓದಿ ಚೀಟಿ ಎಸೆದು ಹೋಗುವ ಕರೆಂಟಿನವರು ಕೂಡ ‘ಅಮ್ಮಾ’ ಎಂದು ಒಂದು ಕೂಗು ಹಾಕುತ್ತಾರೆ.

ನಿಯಮಗಳನ್ನು ಓದಿದೆ. ಓದುತ್ತಾ ಓದುತ್ತಾ ನಮ್ಮ ಸೋದರತ್ತೆಯ ಮಡಿ ನೆನಪಾಯಿತು. ಒಂದು ಪತ್ರದಲ್ಲಿ ಒಂದೇ ಬದಲಾವಣೆ ಇರಬೇಕು, ಎರಡನೆಯದನ್ನು ಮುಟ್ಟಿಸಿದರೆ ಮೈಲಿಗೆ. ವಿಷಯದ ಸಾಲು ಗಿಡ್ಡವಾಗಿರಬೇಕು, ಉಳಿದ ಸಾಲುಗಳೂ ಇಷ್ಟೇ ಅಕ್ಷರಕ್ಕೆ ಮುರಿಯಬೇಕು. ಏನು ಮಾಡಿದಿರಿ ಅನ್ನುವುದಕ್ಕಿಂತ ಯಾಕೆ ಮಾಡಿದಿರಿ ಎಂದು ಬರೆಯಬೇಕು. ಉತ್ತರ ಕೊಡುವಾಗ ಅವರ ಮಾತನ್ನು ಕತ್ತರಿಸಿ ಅದರ ಕೆಳಗೆ ಬರೆಯಬೇಕು, ಮೇಲೆ ಬರೆದರೆ ಕೆಟ್ಟಿರಿ. ಎರಡು ವಾರ ಕಳೆಯದೆ ಜ್ಞಾಪಿಸಬಾರದು. ಸುಮ್ಮನೆ ಥ್ಯಾಂಕ್ಸ್ ಹೇಳುವುದಕ್ಕೆಂದು ಪತ್ರ ಬರೆಯಲೇಬಾರದು, ಸಾವಿರ ಜನರ ಪೆಟ್ಟಿಗೆ ತುಂಬುತ್ತದೆ. ಹುಡುಗರ ರೆಕಾರ್ಡು ಪುಸ್ತಕದ ಮಾರ್ಜಿನ್ನು ಸೊಟ್ಟಗಿದೆ ಎಂದು ಇಪ್ಪತ್ತೈದು ವರ್ಷ ವಾಪಸು ಎಸೆದ ಕೈ ನನ್ನದು. ಮಾಡಿದ್ದುಣ್ಣೋ ಮಹರಾಯ ಎಂದು ನನಗೆ ನಾನೇ ಹೇಳಿಕೊಂಡೆ.

ಎರಡನೆಯ ಸಲ ಬಣ್ಣ ತೆಗೆದು ಕಳಿಸಿದೆ. ನನ್ನ ಮೇಲ್ ಪೆಟ್ಟಿಗೆ ನನಗಿಂತ ಶಿಸ್ತಿನದು, ಸಾಲುಗಳ ಮೊದಲಿನ ಖಾಲಿ ಜಾಗವನ್ನೆಲ್ಲ ತನ್ನಿಷ್ಟಕ್ಕೆ ಒಪ್ಪ ಮಾಡಿ ಕಳಿಸಿತು. ಒಂದು ಖಾಲಿ ಜಾಗ ಆಚೀಚೆಯಾದರೂ ಪ್ಯಾಚು ಕೂರುವುದಿಲ್ಲ, ಕೂರಲಿಲ್ಲ. ‘ಕೆಟ್ಟಿದೆ’ ಎಂದು ಒಂದೇ ಪದದ ಉತ್ತರ. ಮೂರನೆಯದನ್ನು ಸರಿಯಾದ ರೀತಿಯಲ್ಲಿ ಲಿಸ್ಟಿಗೆ ಕಳಿಸಿದೆ. ಒತ್ತಿನ ಅವಧಿಯನ್ನು ಪ್ರತಿಯೊಬ್ಬರೂ ತಮ್ಮ ಕಾಲಿಗೆ ತಕ್ಕ ಹಾಗೆ ಇಟ್ಟುಕೊಳ್ಳಲಿ ಎಂಬುದು ಅದರ ಸಾರ. ಒಂದು ವಾರ ಮಾತಿಲ್ಲ. ಎರಡು ವಾರ ಮಾತಿಲ್ಲ. ನಾನು ದಿನಕ್ಕೆ ಹತ್ತು ಸಲ ಮೇಲ್ ತೆರೆದು ನೋಡುವುದನ್ನು ಕಂಡು ಮನೆಯ ಯಜಮಾನರು, ‘ಏನೇ ಇದು, ಗಂಡಿನ ಕಡೆಯೋರು ಒಪ್ಪಿದ್ರೋ ಇಲ್ವೋ ಅಂತ ಕಾಯೋ ಹಾಗೆ ಕಾಯ್ತಿದೀಯ?’ ಎಂದರು.

ನನಗೆ ಅರ್ಥವಾಗಿಹೋಗಿತ್ತು. ಮೈಸೂರಿನಲ್ಲಿ ‘ನೋಡೋಣ’ ಎಂದರೇ ಇಲ್ಲ ಎಂದರ್ಥ. ಇನ್ನು ಎರಡು ವಾರದ ಮೌನವೆಂದರೆ ಕೇಳಬೇಕೇ? ಎಲ್ಲರ ಮುಂದೆ ತಪ್ಪು ತೋರಿಸಿದ್ದಕ್ಕೆ ಅವರಿಗೆ ಸಿಟ್ಟು ಬಂದಿದೆ. ಕೂತು ಒಂದು ಕ್ಷಮಾಪಣೆ ಬರೆದೆ: ನನ್ನಿಂದ ತಮ್ಮ ಮನಸ್ಸಿಗೆ ನೋವಾಗಿದ್ದರೆ ದೊಡ್ಡ ಮನಸ್ಸು ಮಾಡಿ ಮನ್ನಿಸಬೇಕು, ನನಗೆ ಬೇರೆ ಉದ್ದೇಶವಿರಲಿಲ್ಲ. ಲಿಸ್ಟಿನ ಸಾವಿರ ಜನರೂ ಓದಿದರು. ಉತ್ತರ ಬಂತು: ‘ಕ್ಷಮಿಸುವಂಥದ್ದೇನೂ ಇಲ್ಲ. ನಾನು ರಜೆಯಲ್ಲಿದ್ದೆ.’

ಎಲ್ಲ ಕೆಡಿಸಿದ ಪತ್ರ ಬಂದದ್ದು ಆಮೇಲೆ. ‘ಪ್ರತಿಯೊಬ್ಬರಿಗೂ ಬೇರೆ ಬೇರೆ ಅವಧಿ ಯಾಕೆ? ಸೆಕೆಂಡಿನ ಹತ್ತನೇ ಒಂದು ಭಾಗ ಎಂದು ಖಾಯಂ ಮಾಡಿಬಿಟ್ಟರೆ ಎಲ್ಲರಿಗೂ ಸಾಕು ಅನ್ನಿಸುತ್ತದೆ. ನಿಮ್ಮ ಅಭಿಪ್ರಾಯ?’ ಎಂದು ಕೇಳಿದ್ದರು. ಈಗ ಮತ್ತೆ ಓದಿದರೆ ಅದು ಸ್ಪಷ್ಟವಾಗಿ ಒಂದು ಪ್ರಶ್ನೆ. ಮನುಷ್ಯರು ಮನುಷ್ಯರನ್ನು ಕೇಳುವ ಸಾದಾ ಪ್ರಶ್ನೆ. ಆದರೆ ದೊಡ್ಡವರು ‘ಹೀಗೆ ಮಾಡಿದ್ರೆ ಹೇಗೆ?’ ಎಂದರೆ ಹಾಗೆ ಮಾಡು ಎಂದೇ ಅರ್ಥ ಅನ್ನುವುದನ್ನು ನಾನು ಲಂಗ ಉಡುವ ಕಾಲದಿಂದ ಕಲಿತಿದ್ದೇನೆ. ಅಕ್ಕನ ಕಾಲಿಗೆ ಅಷ್ಟು ಸಾಕಾಗುತ್ತದೆಯೋ ಇಲ್ಲವೋ ತಿಳಿಯಲು ಲಷ್ಕರ್ ಮೊಹಲ್ಲಾಕ್ಕೆ ಒಂದು ಸಲ ಹೋಗಿ ಬಂದಿದ್ದರೆ ಆಗುತ್ತಿತ್ತು. ನಾನು ಹೋಗಲಿಲ್ಲ. ‘ತಾವು ಹೇಳಿದ್ದು ನೂರಕ್ಕೆ ನೂರು ಸರಿ’ ಎಂದು ಬರೆದು, ಅವರು ಹೇಳಿದಂತೆಯೇ ತಿದ್ದಿ, ನಾಲ್ಕನೆಯ ಸಲ ಕಳಿಸಿದೆ.

ಅವರು ಇನ್ನೊಂದು ಕೇಳಿದರು. ‘ಪೆಡಲು ಇರುವವರು ಯಾರಾದರೂ ಇದನ್ನು ಪರೀಕ್ಷಿಸಿದ್ದಾರೆಯೇ?’

ಆ ಲೋಕದಲ್ಲಿ ಒಂದು ಪದ್ಧತಿ ಇದೆ. ಪ್ಯಾಚಿನ ಕೆಳಗೆ ಸಹಿಗಳ ಹಾಗೆ ಸಾಲುಗಳಿರುತ್ತವೆ: ಬರೆದವರು ಇಂಥವರು, ಓದಿ ನೋಡಿದವರು ಇಂಥವರು, ಪರೀಕ್ಷಿಸಿದವರು ಇಂಥವರು. ನಾನು ಪರೀಕ್ಷಿಸಿದವರು ಎಂಬಲ್ಲಿ ಅಕ್ಕನ ಪೂರ್ತಿ ಹೆಸರು ಬರೆದು ಕಳಿಸಿದೆ. ಅವಳ ಬಲಗೈ ಹೋದ ಮೇಲೆ ಗ್ಯಾಸಿನವರ ಹತ್ತಿರ, ಕೊರಿಯರಿನವರ ಹತ್ತಿರ ಎಲ್ಲ ಅವಳ ಪರವಾಗಿ ನಾನೇ ಸಹಿ ಹಾಕಿ ಅಭ್ಯಾಸವಾಗಿತ್ತು. ಇದೂ ಹಾಗೆಯೇ ಒಂದು ಎಂದುಕೊಂಡೆ. ಪೆಡಲು ಅವಳದು, ಪ್ಯಾಚು ಅವಳಿಗಾಗಿ, ಅವಳ ಹೆಸರಿದ್ದರೆ ಅವಳಿಗೂ ಖುಷಿ.

‘ಸೇರಿಸಿದ್ದೇನೆ, ಥ್ಯಾಂಕ್ಸ್’ ಎಂದು ಬಂತು. ಎರಡೇ ಎರಡು ಪದ. ನಾನು ಆ ಎರಡು ಪದಕ್ಕೆ ಸ್ಟಾಫ್ ರೂಮಿನಲ್ಲಿ ಸ್ವೀಟು ಹಂಚಿದೆ. ಲೋಕದ ಮೂಲೆ ಮೂಲೆಯ ಕಂಪ್ಯೂಟರಿನಲ್ಲಿ ನನ್ನ ಹೆಸರಿದೆ ಎಂದು ಕಂಡಕಂಡವರಿಗೆಲ್ಲ ಹೇಳಿದೆ. ಕೆಮಿಸ್ಟ್ರಿಯ ಮೇಡಂ, ‘ನಮ್ಮ ಕಂಪ್ಯೂಟರಲ್ಲೂ ಇದೆಯಾ?’ ಎಂದು ಕೇಳಿದಾಗ, ಪೆಡಲು ಹಾಕಿದರೆ ಇರುತ್ತದೆ ಎಂದೆ. ಆಕೆ ಇನ್ನೊಂದು ಜಾಮೂನು ತೆಗೆದುಕೊಂಡು ಹೋದರು. ಅಕ್ಕನಿಗೆ ಫೋನ್ ಮಾಡಿ, ‘ಅಕ್ಕ, ಮುಗೀತು. ಇನ್ಮೇಲೆ ಹೊಸದು ಬಂದ್ರೆ ಧೈರ್ಯವಾಗಿ ಹಾಕ್ಕೊಂಡ್ಬುಡು. ನಾನು ಬರೋದೇ ಬೇಡ, ಎಲ್ಲ ಸರಿಹೋಗಿದೆ’ ಎಂದೆ.

‘ಅಬ್ಬ, ನಿನ್ ಕಾಟ ತಪ್ತು’ ಎಂದು ನಕ್ಕಳು.

ಮೂರು ತಿಂಗಳಿಗೆ ಹೊಸ ಆವೃತ್ತಿ ಬಂತು. ಮದುವೆಯ ಕಾಲ. ಅಕ್ಕನಿಂದ ಫೋನಿಲ್ಲ. ಮಾಡಿದರೂ ‘ಕೆಲಸ ಇದೆ ಕಣೇ, ಆಮೇಲೆ ಮಾಡ್ತೀನಿ’ ಎಂದು ಇಟ್ಟುಬಿಡುತ್ತಿದ್ದಳು. ನೋಡಿದಿರಾ, ನನ್ನ ಪ್ಯಾಚಿನ ಮಹಿಮೆ, ಅಕ್ಕನಿಗೆ ಮಾತಾಡಲೂ ಪುರಸೊತ್ತಿಲ್ಲ ಎಂದು ನಾನು ಬೀಗಿದೆ. ಹತ್ತು ದಿನ ಹೀಗೇ ಹೋಯಿತು. ಭಾನುವಾರ ಬೆಳಿಗ್ಗೆ, ಹಾಗೇ ನೋಡಿ ಬರೋಣವೆಂದು ಅಂಗಡಿಗೆ ಹೋದೆ.

ಒಳಗೆ ಗಿರಾಕಿಯೊಬ್ಬರು ನಿಂತಿದ್ದರು. ಕೈಯಲ್ಲಿ ಮದುವೆ ಕಾರ್ಡಿನ ಕಟ್ಟು. ಹೆಣ್ಣಿನ ತಂದೆ ಎಂದು ಮಾತಿನಲ್ಲೇ ಗೊತ್ತಾಯಿತು.

‘ಹುಡುಗಿ ಸೋದರಮಾವನ ಹೆಸರೇ ಇಲ್ವಲ್ಲಮ್ಮ! ಆಚೆ ಕಡೆಯೋರ ಚಿಕ್ಕಪ್ಪ ದೊಡ್ಡಪ್ಪ ಎಲ್ಲ ಅವ್ರೆ, ನಮ್ ಭಾಮೈದ ಒಬ್ಬ ಇಲ್ಲ. ಮೊದಲ್ನೇ ಕಾರ್ಡ್ ಅವ್ರ ಮನೆಗೇ ಕೊಟ್ಟು ಬಂದ್ಬುಟ್ಟೆ. ಈಗ ಧಾರೆಗೇ ಬರಲ್ಲ ಅಂತ ಕೂತವ್ರೆ.’

ಸೋದರಮಾವನ ಹೆಸರು ಬಿಟ್ಟ ಮದುವೆ ಕಾರ್ಡೆಂದರೆ ಏನೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಲಗ್ನ ತಪ್ಪಿದರೂ ಸುಧಾರಿಸಬಹುದು. ಪ್ರೂಫು ನೋಡಿ ಸರಿ ಎಂದು ಸಹಿ ಹಾಕಿದವರು ಅವರೇ, ಆ ಹಾಳೆ ಅಕ್ಕನ ಮೇಜಿನ ಮೇಲೇ ಇತ್ತು. ಅಕ್ಕ ಅದನ್ನು ತೋರಿಸಲಿಲ್ಲ. ‘ತಪ್ಪಾಗಿದೆ, ನಾಳೆ ಸಂಜೆಯೊಳಗೆ ಹೊಸ ಕಾರ್ಡು ಕೊಡ್ತೀನಿ’ ಎಂದಳು. ಆ ಮನುಷ್ಯರು ಅವಳ ಮಡಿಲಲ್ಲಿದ್ದ ಬಲಗೈ ನೋಡಿದರು, ಮೇಜಿನ ಕೆಳಗಿನ ಕಾಲು ನೋಡಿದರು. ದನಿ ಇಳಿಸಿ ನನ್ನ ಕಡೆ ತಿರುಗಿದರು.

‘ಹೋಗ್ಲಿ ಬುಡಿ ಮೇಡಂ. ಪಾಪ, ಕೈಲಾಗದೋರ ಹತ್ರ ಮಾಡ್ಸಿದ್ದು ನಮ್ದೇ ತಪ್ಪು.’

ಅವರು ಒಳ್ಳೆಯವರು. ಅದೇ ಕಷ್ಟ. ಅವರು ಹೋದ ಮೇಲೆ ಅಕ್ಕ ಪ್ರೂಫಿನ ಹಾಳೆಯನ್ನು ಡ್ರಾಯರಿಗೆ ಹಾಕಿದಳು. ‘ಬೈದಿದ್ರೆ ವಾಪಸ್ ಬೈತಿದ್ದೆ’ ಎಂದಳು. ಆಮೇಲೆ, ‘ಅಂಗಡಿ ಮುಚ್ಬುಡ್ತೀನಿ ಕಣೇ’ ಎಂದಳು.

‘ಏನಾಯ್ತಕ್ಕ?’

‘ಹತ್ತು ದಿನದಿಂದ ಒಂದ್ಸಲ ಒತ್ತಿದ್ರೆ ಎರಡೆರಡು ಸಾಲು ಹೋಗ್ತಿದೆ. ಹುಡುಕಿ ಹುಡುಕಿ ಸರಿಮಾಡ್ತಿದ್ದೆ. ಇದೊಂದು ಕಣ್ತಪ್ಪಿ ಹೋಯ್ತು.’

‘ನಂಗೊಂದು ಫೋನ್ ಮಾಡೋಕೇನಾಗಿತ್ತು ನಿಂಗೆ?’ ಎಂದು ರೇಗಿದೆ.

‘ನೀನೇ ಅಂದ್ಯಲ್ಲೇ, ಎಲ್ಲ ಸರಿಹೋಗಿದೆ ಅಂತ. ಪೆಡಲ್ ಸರಿಯಾಗಿದೆ ಅಂದ್ಮೇಲೆ ಕೆಟ್ಟಿರೋದು ನನ್ ಕಾಲೇ ಇರ್ಬೇಕು ಅಂದ್ಕೊಂಡೆ. ಮತ್ತೆ ಹೊಡೀತಿದೆಯೇನೋ ಅಂತ. ಹೋದ್ಸಲ ಹೊಡ್ಯೋ ಮುಂಚೆನೂ ಹೀಗೇ ಕೈ ಹಿಡಿತ ತಪ್ತಿತ್ತು. ಬೆಳಿಗ್ಗೆ ಎದ್ದ ತಕ್ಷಣ ಮೊದಲು ಕಾಲ್ ಅಲ್ಲಾಡಿಸಿ ನೋಡ್ಕೋತೀನಿ. ಇವತ್ತಿದೆ, ನಾಳೆ ಇರುತ್ತೋ ಇಲ್ವೋ ಅಂತ.’

ಹತ್ತು ದಿನ. ನಾನು ಬೀಗಿದ ಹತ್ತೂ ದಿನ ಅವಳು ಎರಡನೆಯ ಲಕ್ವವನ್ನು ಕಾಯುತ್ತ ಕೂತಿದ್ದಳು. ನಾಚಿಕೆ ಎಂಬ ಪದ ಚಿಕ್ಕದು. ಎಲ್ಲ ಹೇಳಿದೆ. ಹತ್ತನೇ ಒಂದು ಭಾಗ ಮಾಡಿದ್ದು, ಅವರು ಕೇಳಿದ್ದು, ನಾನು ತಲೆಯಾಡಿಸಿದ್ದು. ಕೊನೆಗೆ ಆ ಪ್ಯಾಚಿನ ಪುಟವನ್ನೂ ತೆರೆದು ತೋರಿಸಿದೆ. ಪರೀಕ್ಷಿಸಿದವರು ಎಂಬುದರ ಮುಂದೆ ಅಕ್ಕನ ಹೆಸರು ಫಳಫಳ ಹೊಳೆಯುತ್ತಿತ್ತು.

ಅಕ್ಕ ಎರಡು ಸಲ ಓದಿದಳು. ‘ನಾನ್ ಯಾವಾಗ ಪರೀಕ್ಷೆ ಮಾಡ್ದೆ?’

‘ಇಲ್ಲಕ್ಕ, ಅದು, ನಾನೇ ಹಾಕಿದ್ದು...’

‘ಸುಳ್ಳು ಸಾಕ್ಷಿ ಹೇಳಿದ್ದೂ ಅಲ್ದೆ ನನ್ ಹೆಸರಲ್ಲಿ ಹೇಳಿದ್ಯಾ? ಯಾರೋ ಮುಖ ಕಾಣದೋನಿಗೆ ಬೇಜಾರಾಗುತ್ತೆ ಅಂತ? ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನೋದು ನಿನ್ನಂಥೋರ್ನ ನೋಡೇ ಕಣೇ. ಜರುಗು ಆಚೆ. ಎಲ್ಲಿಗೆ ಬರೀಬೇಕು ಹೇಳು.’

‘ಅಕ್ಕ, ಅದಕ್ಕೆ ನಿಯಮ ಇದೆ, ಹೀಗೆಲ್ಲ ಬರೆಯೋ ಹಾಗಿಲ್ಲ. ನಾನು ಒಂದು ಒಳ್ಳೆ ಒಕ್ಕಣೆ ಮಾಡಿ...’

‘ನಿನ್ ಒಕ್ಕಣೆಗೆ ಬೆಂಕಿ ಹಾಕ.’

ಊರಿನವರ ಇಂಗ್ಲಿಷ್ ಅರ್ಜಿಗಳನ್ನು ಮೂವತ್ತು ವರ್ಷ ಟೈಪು ಮಾಡಿದವಳಿಗೆ ನನ್ನ ನೆರವು ಬೇಕಾಗಿರಲಿಲ್ಲ. ಎಡಗೈಯ ಒಂದೊಂದೇ ಬೆರಳಿನಲ್ಲಿ ಕುಟ್ಟಿದಳು. ಮಧ್ಯೆ ಪೆಡಲು ಒತ್ತಿ ಎರಡು ಸಾಲು ಹೋಯಿತು, ಮತ್ತೆ ಕುಟ್ಟಿದಳು. ‘ಈ ಪ್ಯಾಚಿನ ಕೆಳಗೆ ಪರೀಕ್ಷಿಸಿದವಳು ಎಂದು ನನ್ನ ಹೆಸರಿದೆ. ನಾನು ಪರೀಕ್ಷಿಸಿಲ್ಲ. ತಂಗಿ ನನ್ನನ್ನು ಕೇಳದೆ ಹಾಕಿದ್ದಾಳೆ. ನನ್ನ ಕಾಲು ನಡುಗುತ್ತದೆ. ಒಮ್ಮೆ ಒತ್ತಿದರೆ ಎರಡು ಸಾಲು ಅಳಿಸುತ್ತದೆ. ನನ್ನ ಹೆಸರು ತೆಗೆಯಿರಿ.’ ಅಷ್ಟೇ. ಕಳಿಸಿಯೂ ಬಿಟ್ಟಳು. ಸಾವಿರ ಜನರ ಮುಂದೆ ನನ್ನ ಮಾನ ಮೂರು ಕಾಸಿಗೆ ಹರಾಜಾಯಿತು. ನಾನು ಕಷ್ಟಪಟ್ಟು ಕಲಿತ ನಿಯಮಗಳೆಲ್ಲ ಆ ಪತ್ರದಲ್ಲಿ ತಾವಾಗಿಯೇ ಪಾಲನೆಯಾಗಿದ್ದವು ಎನ್ನುವುದು ಇನ್ನೊಂದು ಉರಿ.

ಮಧ್ಯಾಹ್ನದ ಊಟ ಮುಗಿಸುವಷ್ಟರಲ್ಲಿ ಉತ್ತರ ಬಂತು. ‘ಹಲೋ’ ಎಂದು ಶುರುವಾಗಿತ್ತು. ನನಗೆ ಅಷ್ಟು ತಿಂಗಳಲ್ಲಿ ಒಂದು ಹಲೋ ಸಿಕ್ಕಿರಲಿಲ್ಲ. ‘ತಪ್ಪು ನನ್ನದು. ಎಲ್ಲರಿಗೂ ಸಾಕೆಂದು ಊಹಿಸಿದೆ, ಇಲ್ಲವೆಂದು ಯಾರೂ ಹೇಳಲಿಲ್ಲ. ಆ ಪ್ಯಾಚನ್ನು ವಾಪಸು ತೆಗೆದಿದ್ದೇನೆ. ಒಮ್ಮೆ ಒತ್ತಿದಾಗ ನಿಮ್ಮ ಕಾಲು ಎಷ್ಟು ಹೊತ್ತು ನಡುಗುತ್ತದೆ? ಬೆಳಿಗ್ಗೆಗೂ ಸಂಜೆಗೂ ವ್ಯತ್ಯಾಸವಿದೆಯೇ? ಅಳೆದು ತಿಳಿಸಿದರೆ ಅದಕ್ಕೆ ತಕ್ಕಂತೆ ಮಾಡೋಣ.’

ಅಕ್ಕ ಅದನ್ನು ಓದಿ ನನ್ನ ಮುಖ ನೋಡಿದಳು. ನಾನು ಬೇರೆ ಕಡೆ ನೋಡಿದೆ. ಆ ಪ್ರಶ್ನೆಯನ್ನು ನಾನು ಅವಳಿಗೆ ಒಂದು ದಿನವೂ ಕೇಳಿರಲಿಲ್ಲ. ಹತ್ತರಲ್ಲಿ ಮೂರು ಭಾಗ ಎಂದು ನಾನು ಮೊದಲು ಇಟ್ಟದ್ದು ಬರೀ ಅಂದಾಜು. ಹೇಗೋ ನಡೆಯಿತು, ಬಿಟ್ಟಿದ್ದೆ.

ಒತ್ತಿನ ಹೊತ್ತನ್ನು ಬರೆದಿಡುವ ಪುಟ್ಟ ಪ್ರೋಗ್ರಾಂ ಒಂದನ್ನು ಹಾಕಿ ಅಳೆದೆವು. ಬೆಳಿಗ್ಗೆ ನಡುಕ ಕಾಲು ಸೆಕೆಂಡು. ಸಂಜೆ, ದಿನವೆಲ್ಲ ದುಡಿದ ಮೇಲೆ, ಹೆಚ್ಚುಕಡಿಮೆ ಅರ್ಧ ಸೆಕೆಂಡು. ಹಾಗಾದರೆ ನಾನು ಇಟ್ಟುಕೊಟ್ಟಿದ್ದ ಸಂಖ್ಯೆ ಸಂಜೆ ಹೊತ್ತು ಯಾವತ್ತೂ ಸಾಲುತ್ತಿರಲಿಲ್ಲ!

‘ಮೊದ್ಲಿಂದ್ಲೂ ಸಂಜೆ ಹೀಗಾಗ್ತಿತ್ತಾ?’

‘ಹೂಂ. ನಾಲ್ಕು ಗಂಟೆ ಮೇಲೆ ಅಳಿಸೋ ಕೆಲಸ ಇಟ್ಕೊಳ್ತಿರ್ಲಿಲ್ಲ ನಾನು.’

‘ಹೇಳ್ಬಾರ್ದಾಗಿತ್ತಾ?’

‘ಅಷ್ಟು ದೂರದಿಂದ ಬಂದು ಮಾಡ್ಕೊಟ್ಟಿದ್ದೀಯ, ನಿಂಗೆ ಬೇಜಾರಾಗುತ್ತೆ ಅಂತ ಸುಮ್ನಿದ್ದೆ’ ಎಂದಳು. ಅವಳೂ ನಮ್ಮ ಮನೆಯವಳೇ ತಾನೇ.

ಯಜಮಾನರು ತಾವೇ ಹೊಸ ಪ್ಯಾಚು ಬರೆದು ಕಳಿಸಿದರು. ಅವಧಿಯನ್ನು ಅವರವರೇ ಇಟ್ಟುಕೊಳ್ಳಬಹುದು, ಹತ್ತರಲ್ಲಿ ಮೂರು ಭಾಗದವರೆಗೆ. ಸಂಜೆಯ ಲೆಕ್ಕವನ್ನು ಅವರು ಸರಿಯಾಗಿ ಗಮನಿಸಿರಲಿಲ್ಲ. ನಾನು ಅಕ್ಕನ ಕಂಪ್ಯೂಟರಿಗೆ ಹಾಕಿಕೊಟ್ಟೆ. ಬೆಳಿಗ್ಗೆ ಚೆನ್ನಾಗಿ ನಡೆಯಿತು. ಸಂಜೆ ಐದಕ್ಕೆ ಒಂದು ಒತ್ತಿಗೆ ಎರಡು ಸಾಲು ಹೋಯಿತು.

‘ಆಗಲ್ಲ ಅಂತ ಬರೀ’ ಎಂದಳು ಅಕ್ಕ.

‘ಅಕ್ಕ, ಮುಕ್ಕಾಲು ಭಾಗ ಆಗಿದೆಯಲ್ಲ. ಪಾಪ, ಅವರೇ ಕೂತು ಬರೆದಿದ್ದಾರೆ. ನಾಲ್ಕು ಗಂಟೆ ಮೇಲೆ ಹೇಗೂ ನೀನು ಅಳಿಸೋ ಕೆಲಸ ಮಾಡಲ್ಲ. ಸರಿ ಇದೆ ಅಂತ ಹೇಳ್ಬುಡು, ಬೇಜಾರ್ ಮಾಡ್ಕೋತಾರೆ.’ ಹತ್ತು ದಿನದ ಕಥೆ ಕೇಳಿ ಆಗಿದೆ, ಆದರೂ ನನ್ನ ಬಾಯಿಂದ ಬಂದದ್ದು ಇದೇ ಮಾತು. ಹುಟ್ಟುಗುಣ.

‘ಮಾಡ್ಕೊಳ್ಲಿ ಬುಡು. ಕಾಲು ನಂದು’ ಎಂದು ಅವಳೇ ಬರೆದಳು: ಬೆಳಿಗ್ಗೆ ಸರಿ, ಸಂಜೆ ಸರಿಯಿಲ್ಲ, ನನ್ನ ಹೆಸರು ಹಾಕಬೇಡಿ. ಅವರೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಎರಡು ದಿನಕ್ಕೆ ಇನ್ನೊಂದು ಕಳಿಸಿದರು. ಈ ಸಲ ಒಂದು ಸೆಕೆಂಡಿನವರೆಗೆ ಎಷ್ಟು ಬೇಕಾದರೂ ಇಟ್ಟುಕೊಳ್ಳಬಹುದಿತ್ತು.

ಹಾಕಿದ ದಿನ ಬೆಳಿಗ್ಗೆ ಅವಳು ಪರೀಕ್ಷೆ ಮಾಡಲೇ ಇಲ್ಲ. ‘ಬೆಳಿಗ್ಗೆ ಯಾವನ್ ಬೇಕಾದ್ರೂ ಪಾಸಾಗ್ತಾನೆ’ ಎಂದಳು. ಒಂದು ಮದುವೆ, ಎರಡು ಗೃಹಪ್ರವೇಶದ ಕಾರ್ಡು ಜೋಡಿಸಿ, ಬೇಕೆಂದೇ ಕಾಲನ್ನು ದಣಿಸಿಕೊಂಡಳು. ಸಂಜೆ ಐದೂವರೆಗೆ ನಾನು ಅಂಗಡಿಯ ನೆಲದ ಮೇಲೆ, ಮೇಜಿನ ಕೆಳಗೆ ಪೆಡಲಿನ ಪಕ್ಕ ಕೂತೆ. ನಾಲ್ಕು ವರ್ಷದಲ್ಲಿ ಆ ಕಾಲನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಒತ್ತುವುದಕ್ಕೆ ಮೊದಲೇ ಮೀನಖಂಡ ಬಿಗಿಯುತ್ತದೆ, ಒತ್ತಿದ ಮೇಲೆ ಪಾದ ತಡತಡ ಎನ್ನುತ್ತದೆ, ಆಮೇಲೆ ನಿಲ್ಲುತ್ತದೆ. ಒಂದು ಒತ್ತು. ಮೇಲಿಂದ ಅಕ್ಕನ ದನಿ ಬಂತು: ‘ಒಂದು ಸಾಲು.’ ಇನ್ನೊಂದು ಒತ್ತು. ‘ಒಂದು.’ ಮತ್ತೊಂದು. ‘ಒಂದೇ.’

ಹತ್ತು ಆಯಿತು, ಹದಿನೈದು ಆಯಿತು. ಆಮೇಲೆ ಒತ್ತು ನಿಂತಿತು. ಮೇಲೆ ಮೂಗೆಳೆಯುವ ಸದ್ದು ಕೇಳಿಸಿತು. ಲಕ್ವ ಹೊಡೆದಾಗಲೂ ಅಳದವಳು.

‘ನನ್ ಕಾಲ್ ಕೆಟ್ಟಿರ್ಲಿಲ್ಲ ಕಣೇ’ ಎಂದಳು.

ತಪ್ಪಾಯಿತಕ್ಕ ಎನ್ನಬೇಕಿತ್ತು. ನೆಲದ ಮೇಲೇ ಕೂತಿದ್ದೆನಲ್ಲ, ಕೈ ಚಾಚಿ ಎರಡೂ ಕೈಯಿಂದ ಅವಳ ಪಾದ ಹಿಡಿದುಕೊಂಡೆ.

‘ಏಯ್, ಕೈ ತೆಗಿ. ಇನ್ನೂ ಐದು ಸಲ ಒತ್ಬೇಕು’ ಎಂದಳು ಅಕ್ಕ. ‘ನೀನು ಹಿಡ್ಕೊಂಡ್ರೆ ನಡುಗಲ್ಲ ಅದು.’